ಕುರುಡು ಕುದುರೆಯ ಮೂರನೆಯ ಭಾಗ

ಬರ್ಲ್ ಕಟ್ಲಿಪ್ಪನ ಎಡಗೈಯ ಬೆರಳುಗಳು ರಜಾಯಿಯ ಮೇಲೆ ಮತ್ತೆ ಆಡತೊಡಗಿದವು. ಹಾಸಿಗೆಯ ಪಕ್ಕ ಕೂತು ಸೇಬು ಹೆಚ್ಚುತ್ತಿದ್ದ ಮಗಳು ಒಲೀಟಾ ಚಾಕು ಕೆಳಗಿಟ್ಟು ಅವನ್ನೇ ನೋಡಿದಳು. ತೋರುಬೆರಳು ಒಮ್ಮೆ, ಉಂಗುರದ ಬೆರಳು ಎರಡು ಸಲ, ಆಮೇಲೆ ಎಲ್ಲ ಸೇರಿ ಗಡಿಬಿಡಿ. ಇದು ನಡುಕವಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅಪ್ಪ ಪಿಟೀಲು ನುಡಿಸುತ್ತಿದ್ದ. ಪಿಟೀಲು ಗೋಡೆಯ ಮೇಲೆ ತೂಗುತ್ತಿತ್ತು, ಕಮಾನು ಹಿಡಿಯಬೇಕಾದ ಬಲಗೈ ಹದಿನೆಂಟು ದಿನದಿಂದ ಕೊರಡಿನ ಹಾಗೆ ಬಿದ್ದಿತ್ತು, ಆದರೂ ನುಡಿಸುತ್ತಿದ್ದ. ಯಾವ ಮಟ್ಟು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ. ಅಪ್ಪನ ಬೆರಳು ನೋಡಿದರೆ ಸಾಕು, ಅವಳು ಯಾವ ಮಟ್ಟನ್ನಾದರೂ ಹೇಳಬಲ್ಲಳು. ಹೇಳಲಾಗದ್ದು ಒಂದೇ ಒಂದು: 'ಕುರುಡು ಕುದುರೆ'ಯ ಮೂರನೆಯ ಭಾಗ.

ಸಿಕಮೋರ್ ಹಳ್ಳದ ಆಚೆ ಈಚೆ 'ಕುರುಡು ಕುದುರೆ' ಬಾರದ ಪಿಟೀಲುಗಾರನೇ ಇಲ್ಲ. ದಪ್ಪ ತಂತಿಗಳ ಮೇಲೆ ನಡೆಯುವುದು ದಪ್ಪ ಭಾಗ, ಸಣ್ಣ ತಂತಿಗಳ ಮೇಲೆ ನಡೆಯುವುದು ಸಣ್ಣ ಭಾಗ. ಎರಡನ್ನೂ ಎರಡೆರಡು ಸಲ ಸುತ್ತಿ ನುಡಿಸಿದರೆ ಕುಣಿಯುವವರಿಗೆ ಸಾಕು. ಆದರೆ ಇದಕ್ಕೆ ಮೂರನೆಯದೊಂದು ಭಾಗ ಇದೆ, ಅದು ಬದುಕಿರುವವರಲ್ಲಿ ತನಗೊಬ್ಬನಿಗೇ ಗೊತ್ತು ಎಂದು ಬರ್ಲ್ ಹೇಳುತ್ತಿದ್ದ. ಹೇಳಿ, ಮೀಸೆಯಡಿ ನಕ್ಕು ಸುಮ್ಮನಾಗುತ್ತಿದ್ದ. ಚಾರ್ಲ್ಸ್‌ಟನ್ನಿನಿಂದ ಹಳೆಯ ಮಟ್ಟು ಹಿಡಿದಿಡಲು ಟೇಪ್ ಯಂತ್ರ ಹೊತ್ತು ಬಂದವರಿಗೆ ಕಾಫಿ ಕೊಡುತ್ತಿದ್ದ, ಜೋಳದ ರೊಟ್ಟಿ ಕೊಡುತ್ತಿದ್ದ, ಎರಡು ಭಾಗ ಧಾರಾಳವಾಗಿ ಕೊಡುತ್ತಿದ್ದ. ಮೂರನೆಯದನ್ನು ಕೇಳಿದರೆ ಹವಾಮಾನದ ಮಾತು ತೆಗೆಯುತ್ತಿದ್ದ.

ಅದನ್ನು ನುಡಿಸುವುದು ಕೊಟ್ಟಿಗೆಯಲ್ಲಿ, ಬಾಗಿಲು ಹಾಕಿಕೊಂಡು, ವರ್ಷಕ್ಕೆ ಎರಡೋ ಮೂರೋ ಸಲ. ಹಲಗೆಗಳ ಸಂದಿಯಿಂದ ಚೂರುಪಾರು ಕೇಳಿಸುತ್ತಿತ್ತು. ಹೊರಗೆ ಬರುವ ಮುಂಚೆ ನಾಲ್ಕೂ ಬಿರಡೆ ತಿರುವಿ ತಂತಿ ಸಡಿಲ ಮಾಡಿಯೇ ಬರುತ್ತಿದ್ದ. ತಂತಿ ಯಾವ ಶ್ರುತಿಗೆ ಬಿಗಿದಿದೆ ಎಂದು ಕಂಡವನು ಅರ್ಧ ಮಟ್ಟು ಕದ್ದ ಹಾಗೆ ಎಂದು ನಂಬಿದ ಹಳೆಯ ಪಿಟೀಲುಗಾರರೆಲ್ಲರೂ ಹೀಗೇ. ಶ್ರುತಿ ಮಾಡುವಾಗ ಬೆನ್ನು ತಿರುಗಿಸುವುದು, ಮುಗಿದ ಮೇಲೆ ತಂತಿ ಸಡಿಲ ಬಿಡುವುದು. ಹೆಂಡತಿಯನ್ನಾದರೂ ನೆರೆಮನೆಗೆ ಕಳಿಸಿಯಾರು, ಕಟ್ಟಿದ ಶ್ರುತಿಯಲ್ಲಿ ಪಿಟೀಲು ಕಳಿಸಲಾರರು.

"ಅಪ್ಪಾ, ಕಲಿಸ್ತೀಯಾ?" ಎಂದು ಒಲೀಟಾ ಮೊದಲು ಕೇಳಿದಾಗ ಅವಳಿಗೆ ಹದಿನಾರು. "ಜೋಳ ಕೊಯ್ದು ಆಗ್ಲಿ" ಎಂದ. ಆಮೇಲೆ ಮದುವೆಯಾಗಿ ಹೋದಳು, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಳು. ಈ ಎಪ್ಪತ್ನಾಲ್ಕನೆಯ ಇಸವಿಗೆ ಅವಳಿಗೇ ಐವತ್ತಾರು. ಜೋಳ ನಲವತ್ತು ಸಲ ಕೊಯ್ದಾಗಿತ್ತು. ಕೇಳಿದಾಗಲೆಲ್ಲ "ನಾಳೆ ನೋಡೋಣ ಬಿಡು." ಎರಡು ಭಾಗ ದಾರಿಹೋಕರಿಗೂ ಸಿಕ್ಕಿದೆ. ಮೂರನೆಯದು ಸಿಕ್ಕದಿದ್ದರೆ ತಾನೂ ಟೇಪ್ ಯಂತ್ರದವರ ಹಾಗೆ ಈ ಮನೆಯಲ್ಲಿ ಕಾಫಿ ಕುಡಿದು ಹೋದವಳು ಅಷ್ಟೆ ಎಂದು ಅವಳಿಗೆ ಒಳಗೊಳಗೇ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಿಕೊಳ್ಳುವ ವಯಸ್ಸಲ್ಲ, ಹಾಗಂತ ನೋವು ಕಡಿಮೆಯೂ ಅಲ್ಲ.

ಲಕ್ವ ಹೊಡೆದದ್ದು ಅಕ್ಟೋಬರ್ ಮೊದಲ ವಾರ. ಬಲಭಾಗ ಹೋಯಿತು, ಮಾತು ಹೋಯಿತು. ಉಳಿದದ್ದು ಒಂದೇ ಪದ, ಅದೂ ಯಾವುದು ಅಂತೀರಿ: "ನಾಳೆ." ಹಸಿವಾದರೆ ನಾಳೆ, ಸಿಟ್ಟು ಬಂದರೆ ನಾಳೆ, ಮೂತ್ರಕ್ಕೆ ಹೋಗಬೇಕಾದರೂ ನಾಳೆ. ತಲೆಯಾಡಿಸುವುದನ್ನು ನಂಬುವಂತಿರಲಿಲ್ಲ. ಹೌದಕ್ಕೂ ಆಡಿಸುತ್ತಿದ್ದ, ಅಲ್ಲಕ್ಕೂ ಆಡಿಸುತ್ತಿದ್ದ. ಡಾಕ್ಟರು ಒಲೀಟಾಳನ್ನು ಹೊರಗೆ ಕರೆದು, "ಇನ್ನೊಂದು ಹೊಡೆತ ಬರಬಹುದು ಕಣಮ್ಮ. ವಾರಕ್ಕೋ ತಿಂಗಳಿಗೋ ಹೇಳೋಕಾಗಲ್ಲ. ಮುಖ್ಯವಾಗಿ ಸಿಟ್ಟು ಬರಿಸ್ಬೇಡಿ" ಎಂದಿದ್ದರು. ಆವತ್ತಿನಿಂದ ಅವಳು ಅಪ್ಪನ ಉಸಿರನ್ನು ಎಣಿಸುತ್ತಿದ್ದಳು. ಅಡುಗೆಮನೆಯಲ್ಲಿ ತಟ್ಟೆ ಬಿದ್ದರೆ ಓಡಿ ಬರುತ್ತಿದ್ದಳು, ಸದ್ದೇ ಇಲ್ಲದಿದ್ದರೆ ಇನ್ನೂ ಜೋರಾಗಿ ಓಡಿ ಬರುತ್ತಿದ್ದಳು.

ಆ ಸೇಬು ಹೆಚ್ಚುತ್ತಿದ್ದ ಬೆಳಗ್ಗೆಯೇ ಅವಳಿಗೆ ಹೊಳೆದದ್ದು. ಬೆರಳಿಡುವ ಕೈ ಅಪ್ಪನಿಗೆ ಉಳಿದಿದೆ, ಕಮಾನು ಹಿಡಿಯುವ ಕೈ ತನಗಿದೆ. ಎರಡನ್ನೂ ಸೇರಿಸಿದರೆ ಒಬ್ಬ ಪಿಟೀಲುಗಾರನಾಗುತ್ತಾನೆ.

ಅಪ್ಪನನ್ನು ದಿಂಬಿಗೆ ಒರಗಿಸಿ, ಪಿಟೀಲನ್ನು ಅವನ ಎದೆಗಾನಿಸಿ, ತಾನು ಬಲಕ್ಕೆ ಕೂತಳು. ಎಡಗೈ ಪಿಟೀಲಿನ ಕುತ್ತಿಗೆಯನ್ನು ಹುಡುಕಿಕೊಂಡು ಹೋಗಿ ಹಿಡಿಯಿತು. ಬೆರಳುಗಳು ನಿಂತವು, ಆಡಿದವು. ಒಲೀಟಾ ಕಮಾನು ಎಳೆದಳು. ಬಾಗಿಲಿಗೆ ಬೆರಳು ಸಿಕ್ಕಿದವನು ಕೂಗಿದಂಥ ಸದ್ದು ಬಂತು.

"ಅಯ್ಯೋ ದೇವರೇ, ಬೆಕ್ಕು ಒಳಗೆ ಬಂತಾ?" ಎಂದು ಅಡುಗೆಮನೆಯಿಂದ ಡೆಲ್ಫಾ ಅತ್ತೆ ಕೂಗಿದಳು. ಡೆಲ್ಫಾ ಬರ್ಲ್‌ನ ತಂಗಿ, ಎಪ್ಪತ್ತೆಂಟರ ವಿಧವೆ. ಪಿಟೀಲು ಸೈತಾನನ ಪೆಟ್ಟಿಗೆ ಎಂದು ಚರ್ಚಿನಲ್ಲಿ ಕೇಳಿ, ಮನೆಯಲ್ಲಿ ಅದನ್ನೇ ಕೇಳುತ್ತ ಮುದುಕಿಯಾದವಳು.

ಒಲೀಟಾ ಶ್ರುತಿ ಬದಲಿಸಿದಳು. ತಂತಿ ಬಿಗಿಯುವ ನಾಲ್ಕು ಬಗೆ, ನಾಲ್ಕು ಶ್ರುತಿ, ಅವಳಿಗೆ ಗೊತ್ತು. ಕಟ್ಲಿಪ್ಪರು ಬಳಸುವುದೇ ಆ ನಾಲ್ಕನ್ನು. ನಾಲ್ಕನ್ನೂ ಕಟ್ಟಿ ನೋಡಿದಳು. ಪ್ರತಿ ಸಲವೂ ಬೆರಳುಗಳು ಅದೇ ಜಾಗಕ್ಕೆ ಹೋಗುತ್ತಿದ್ದವು, ಎಳ್ಳಷ್ಟೂ ಅನುಮಾನವಿಲ್ಲದೆ. ಪ್ರತಿ ಸಲವೂ ಅಪಸ್ವರ. ಬರ್ಲ್ ತಾನೇ ಬಿರಡೆಗೆ ಕೈ ಹಾಕಿದ. ತಿರುವುವ ಶಕ್ತಿ ಇರಲಿಲ್ಲ, ಬಿರಡೆ ಜಾರಿ ತಂತಿ ಸಡಿಲಗೊಂಡು ನೇತಾಡಿತು. "ನಾಳೆ" ಎಂದ, ಎಡಗಣ್ಣಿನಿಂದ ನೀರು ಇಳಿಯಿತು.

"ಅವನ ತಲೆ ಹೋಗಿದೆ ಕಣೇ ಲೀಟಾ" ಎಂದಳು ಅತ್ತೆ, ಬಾಗಿಲಲ್ಲಿ ನಿಂತು. "ಬೆರಳು ಸುಮ್ನೆ ಆಡ್ತಿದೆ, ಕೋಳಿ ಕುತ್ತಿಗೆ ಕತ್ತರಿಸಿದ ಮೇಲೂ ಓಡಲ್ವಾ, ಹಾಗೆ. ಬಿಟ್ಬಿಡು."

ಒಲೀಟಾಳಿಗೆ ಆ ಮಾತು ನಾಟಿತು, ಯಾಕೆಂದರೆ ಅದೇ ಭಯ ಅವಳಿಗೂ ಇತ್ತು. ಆದರೆ ತಲೆ ಹೋದವನ ಬೆರಳು ಪ್ರತಿ ಸಲವೂ ಒಂದೇ ಜಾಗಕ್ಕೆ ಹೋಗುವುದಿಲ್ಲ. ಬೆರಳು ಸರಿಯಿದ್ದರೆ ತಂತಿ ತಪ್ಪಿರಬೇಕು. ಕಟ್ಲಿಪ್ಪರ ನಾಲ್ಕೂ ಶ್ರುತಿ ಅಲ್ಲದಿದ್ದರೆ ಉಳಿದದ್ದು ಒಂದೇ. ಅದನ್ನು ನೆನೆದದ್ದೇ ಅವಳು ಅಪ್ಪನ ಮುಖ ನೋಡಲಾರದೆ ಎದ್ದು ಹೋಗಿ ಸೇಬಿನ ಸಿಪ್ಪೆ ಬಳಿಯತೊಡಗಿದಳು.

ಐದನೆಯ ಶ್ರುತಿ ಗುಡ್ಡದಾಚೆಯ ರಿಫಲ್ ಮನೆತನದ್ದು.

'ಕುರುಡು ಕುದುರೆ' ಹುಟ್ಟಿದ್ದು ಹೇಗೆ ಎಂದು ಕಟ್ಲಿಪ್ಪರನ್ನು ಕೇಳಿದರೆ ಒಂದು ಕಥೆ, ರಿಫಲ್‌ಗಳನ್ನು ಕೇಳಿದರೆ ಇನ್ನೊಂದು. ಅಂತರ್ಯುದ್ಧ ಮುಗಿಸಿ ಬರುತ್ತಿದ್ದ ಮುತ್ತಜ್ಜ ಏಮಸ್ ಕಟ್ಲಿಪ್ಪನನ್ನು ಅವನ ಕುರುಡು ಕುದುರೆ ತುಂಬಿದ ಹೊಳೆ ದಾಟಿಸಿತು, ಅದರ ಗೊರಸಿನ ಸದ್ದೇ ದಪ್ಪ ಭಾಗ ಎಂಬುದು ಇವರ ಕಥೆ. ಕುದುರೆ ರಿಫಲ್‌ಗಳದ್ದು, ಏಮಸ್ ಅದನ್ನೂ ಕದ್ದ ಮಟ್ಟನ್ನೂ ಕದ್ದ ಎಂಬುದು ಅವರ ಕಥೆ. ಕುದುರೆ ಸತ್ತು ನೂರು ವರ್ಷವಾಗಿದ್ದರೂ ಎರಡೂ ಮನೆಯವರು ಅದಕ್ಕೆ ಹುಲ್ಲು ಹಾಕುತ್ತಲೇ ಇದ್ದರು. ನುಡಿಸುವುದರಲ್ಲೂ ಭೇದ. ರಿಫಲ್‌ಗಳು ದಪ್ಪ ಭಾಗದ ಕೊನೆಯಲ್ಲಿ ಒಂದು ತಾಳ ಹೆಚ್ಚು ಹಾಕುತ್ತಾರೆ, ಕುಣಿಯುವವರು ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಮೂವತ್ತೊಂದನೆಯ ಇಸವಿಯಲ್ಲಿ ಕೋರ್ಟಿನ ಅಂಗಳದಲ್ಲಿ ಪಿಟೀಲು ಪಂದ್ಯ ನಡೆದಾಗ ಬರ್ಲ್ ಮತ್ತು ಡೆನ್ಜಿಲ್ ರಿಫಲ್ ಇಬ್ಬರೂ ಇದನ್ನೇ ನುಡಿಸಿದರು. ಗೆದ್ದವನ ರಿಬ್ಬನ್ ಬರ್ಲ್‌ಗೆ ಸಿಕ್ಕಿತು. "ರಿಫಲ್‌ಗಳ ಕುದುರೆಗೆ ಕಣ್ಣಷ್ಟೇ ಅಲ್ಲ, ಕಾಲೂ ಇಲ್ಲ" ಎಂದ ಬರ್ಲ್, ಎಲ್ಲರಿಗೂ ಕೇಳುವ ಹಾಗೆ. ಅಂದಿನಿಂದ ನಲವತ್ಮೂರು ವರ್ಷ ಇಬ್ಬರಲ್ಲೂ ಮಾತಿಲ್ಲ.

ಹಾಗಿರುವಾಗ ಅಪ್ಪ ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ರಿಫಲ್ ಶ್ರುತಿ ಕಟ್ಟುತ್ತಿದ್ದನೇ? ಒಲೀಟಾ ಎರಡು ದಿನ ಈ ಪ್ರಶ್ನೆಯ ಜೊತೆ ಓಡಾಡಿದಳು. ಮೂರನೆಯ ದಿನ ಅಪ್ಪ ಗಂಜಿ ನುಂಗುವಾಗ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ. ಅವನು ಸುಧಾರಿಸಿಕೊಂಡ ಕೂಡಲೇ ಅವಳು ಟ್ರಕ್ಕಿನ ಬೀಗದಕೈ ಎತ್ತಿಕೊಂಡಳು. "ಎಲ್ಲಿಗೆ?" ಎಂದಳು ಅತ್ತೆ. "ಉಪ್ಪಿಗೆ" ಎಂದಳು. ಮನೆಯಲ್ಲಿ ಉಪ್ಪು ಡಬ್ಬಿ ತುಂಬ ಇತ್ತು.

ಡೆನ್ಜಿಲ್ ರಿಫಲ್ ಜಗಲಿಯಲ್ಲಿ ಕೂತು ಹಳೆಯ ಕುರ್ಚಿಗೆ ಹಿಕರಿ ಮರದ ನಾರು ಹೆಣೆಯುತ್ತಿದ್ದ. ಎಂಬತ್ತರ ಬಡಕಲು ಮುದುಕ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅಷ್ಟಕ್ಕಷ್ಟೆ. ಅವಳು ಮೆಟ್ಟಿಲ ಹತ್ತಿರ ಬರುವ ತನಕ ತಲೆ ಎತ್ತಲಿಲ್ಲ.

"ಯಾರು?"

"ಒಲೀಟಾ. ಬರ್ಲ್ ಕಟ್ಲಿಪ್ ಮಗಳು."

"ಸತ್ನಾ?"

"ಇಲ್ಲ."

"ಮತ್ಯಾಕೆ ಬಂದೆ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು. "ರಿಫಲ್ ಅವ್ರೇ, ನಿಮ್ಮನೆ ಶ್ರುತಿ ಬೇಕಿತ್ತು" ಎಂದಳು.

ಮುದುಕ ಬಲಗಿವಿ ಮುಂದೆ ಮಾಡಿದ. ಅವಳು ಇನ್ನೊಮ್ಮೆ ಕೂಗಿ ಹೇಳಬೇಕಾಯಿತು. ಕೂಗಿ ಹೇಳಿದಾಗ ನಾಚಿಕೆ ಎರಡರಷ್ಟಾಯಿತು. ಅವನು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

"ನಮ್ಮ ಕುದುರೆಗೆ ಕಾಲಿಲ್ಲ ಅಂದ ಮಹಾನುಭಾವ! ಈಗ ಏನಂತೆ, ಲಾಳ ಬೇಕಂತಾ?"

"ಅವ್ರು ಕೇಳ್ಲಿಲ್ಲ. ಅವ್ರಿಗೆ ಮಾತೇ ಇಲ್ಲ. ಬೆರಳು ಮಾತ್ರ ಆಡತ್ತೆ. ಮೂರನೇ ಭಾಗ ನುಡಿಸ್ತಿದಾರೆ, ನಮ್ಮ ಯಾವ ಶ್ರುತಿಗೂ ಕೂಡ್ತಾ ಇಲ್ಲ."

ನಗು ನಿಂತಿತು. ಡೆನ್ಜಿಲ್ ನಾರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಮೂರನೇದು ಅನ್ನೋದು ನಿಜವಾಗ್ಲೂ ಇದೆಯಾ? ಅವ್ನು ಬುರುಡೆ ಬಿಡ್ತಾನೆ ಅಂದ್ಕೊಂಡಿದ್ದೆ."

"ಇದೆ. ಗೋಡೆ ಆಚೆಯಿಂದ ಕೇಳಿದೀನಿ."

"ಶ್ರುತಿ ಹೇಳ್ಕೊಡಲ್ಲ" ಎಂದು ಅವನು ಎದ್ದ. "ನಾನೇ ಬಂದು ಕಟ್ತೀನಿ. ಕಮಾನೂ ನಾನೇ ಎಳೀತೀನಿ."

"ಕಮಾನು ಯಾಕೆ?"

"ನಮ್ಮ ಶ್ರುತೀಲಿ ನಿಮ್ಮ ಕಮಾನು ನಡಿಯಲ್ಲ ಕಣಮ್ಮ. ಕಟ್ಲಿಪ್ಪರು ಎಳೆಯೋದು ಸೌದೆ ಸೀಳಿದ ಹಾಗಿರತ್ತೆ. ಬೇಕಾದ್ರೆ ಹೇಳು, ಬೇಡವಾದ್ರೆ ಈ ಕುರ್ಚಿ ಮುಗಿಸ್ತೀನಿ."

ಸಿಟ್ಟು ಬರಿಸ್ಬೇಡಿ ಎಂದ ಡಾಕ್ಟರ ಮಾತು ಒಲೀಟಾಳ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಈ ಮುಖ ಕಂಡರೆ ಅಪ್ಪನ ರಕ್ತ ತಲೆಗೇರದೆ ಇರುತ್ತದೆಯೇ? ಮಟ್ಟು ಉಳಿಸಿಕೊಳ್ಳಲು ಹೋಗಿ ಅಪ್ಪನನ್ನೇ ಕೊಂದರೆ? ಕರೆದುಕೊಂಡು ಹೋಗದಿದ್ದರೆ ಅಪ್ಪನೂ ಹೋಗುತ್ತಾನೆ, ಮಟ್ಟೂ ಹೋಗುತ್ತದೆ. ಅವಳು ಟ್ರಕ್ಕಿನ ಬಾಗಿಲು ತೆರೆದಳು. ಗುಡ್ಡ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು.

ಡೆಲ್ಫಾ ಬಾಗಿಲಲ್ಲೇ ತಡೆದಳು. "ಇದಾ ನೀನು ತಂದ ಉಪ್ಪು? ಲೀಟಾ, ನಿನಗೇನಾದ್ರೂ ತಲೆ ಕೆಟ್ಟಿದೆಯಾ? ಅವನ ಜೀವ ಹೋಗತ್ತೆ!"

"ನಮಸ್ಕಾರ ಡೆಲ್ಫಾ" ಎಂದ ಡೆನ್ಜಿಲ್, ಟೋಪಿ ತೆಗೆದು. ಏನೂ ಕೇಳಿಸದ ಹಾಗೆ ಒಳಗೆ ನಡೆದ. ಕಿವುಡನಿಗೆ ಇದೊಂದು ಅನುಕೂಲ.

ಹಾಸಿಗೆಯ ಮೇಲಿದ್ದ ಬರ್ಲ್ ಅವನನ್ನು ಕಂಡ. ಕಂಡದ್ದೇ ಮುಖ ಕೆಂಪೇರಿತು, ಕುತ್ತಿಗೆಯ ನರ ಹಗ್ಗದ ಹಾಗೆ ಉಬ್ಬಿತು. "ನಾಳೆ!" ಎಂದು ಕಿರುಚಿದ, "ನಾಳೆ! ನಾಳೆ!" ಎಡಗೈಯಿಂದ ರಜಾಯಿ ಕಿತ್ತೆಸೆದ. ಒಲೀಟಾ ಓಡಿ ಹೋಗಿ ಅವನ ಭುಜ ಹಿಡಿದಳು. "ಹೋಗಿ, ಹೊರಗೆ ಹೋಗಿ" ಎಂದು ಡೆನ್ಜಿಲ್‌ಗೆ ಕೂಗಿದಳು.

ಡೆನ್ಜಿಲ್ ಹೋಗಲಿಲ್ಲ. ಗೋಡೆಯಿಂದ ಪಿಟೀಲು ಇಳಿಸಿ, ಅಭ್ಯಾಸಬಲದಿಂದ ಎಲ್ಲರಿಗೂ ಬೆನ್ನು ತಿರುಗಿಸಿ, ಬಿರಡೆಗಳನ್ನು ತಿರುವತೊಡಗಿದ. ದಪ್ಪ ತಂತಿ ಕೆಳಗಿಳಿಯಿತು, ಇನ್ನೂ ಇಳಿಯಿತು, ಹೊಟ್ಟೆಯಲ್ಲಿ ಗುಡುಗುವಷ್ಟು ಇಳಿಯಿತು. ಸಣ್ಣ ತಂತಿಯೂ ಇಳಿದು ಅದರ ಜೊತೆ ಕೂಡಿತು. ಬೆರಳಲ್ಲಿ ನಾಲ್ಕನ್ನೂ ಒಮ್ಮೆ ಮೀಟಿದ.

ಬರ್ಲ್‌ನ ಕೂಗು ನಿಂತಿತು. ಎಡಗೈ ಗಾಳಿಯಲ್ಲಿ ಮೇಲೆದ್ದು, ಹಸಿದ ಮಗು ಕೈ ಚಾಚುವ ಹಾಗೆ ಚಾಚಿಕೊಂಡಿತು. ಒಲೀಟಾಳಿಗೆ ಆಗ ಬಂದದ್ದು ಸಂತೋಷವಲ್ಲ, ಹೆದರಿಕೆ. ತಾನು ಊಹಿಸಿದ್ದು ನಿಜ, ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ.

ಡೆನ್ಜಿಲ್ ಪಿಟೀಲನ್ನು ಬರ್ಲ್‌ನ ಎದೆಗಾನಿಸಿ ಬಲಕ್ಕೆ ಕೂತ. ಕಮಾನಿಗೆ ರಾಳ ಉಜ್ಜಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಕಿವುಡ ಕಣ್ಣು ಮುಚ್ಚಿಕೊಂಡ. ಮೊದಲು ದಪ್ಪ ಭಾಗ ಬಂತು, ಆಮೇಲೆ ಸಣ್ಣ ಭಾಗ. ಅವೆರಡೂ ಈ ಕೆಳಗಿನ ಶ್ರುತಿಯಲ್ಲಿ ಬೇರೆಯೇ ಮನೆಯ ಮಕ್ಕಳ ಹಾಗೆ ಕೇಳಿಸಿದವು. ಆಮೇಲೆ ಬರ್ಲ್‌ನ ಕೈ ಒಂದಿಷ್ಟು ಕೆಳಗೆ ಸರಿದು, ಇಷ್ಟು ದಿನ ರಜಾಯಿಯ ಮೇಲೆ ಹಾಕುತ್ತಿದ್ದ ಹೆಜ್ಜೆಗಳನ್ನೇ ತಂತಿಯ ಮೇಲೆ ಹಾಕಿತು. ಡೆನ್ಜಿಲ್‌ನ ಕಮಾನು ಅದನ್ನು ಹುಡುಕಿತು, ಒಮ್ಮೆ ತಪ್ಪಿತು, ಸಿಕ್ಕಿತು.

ಅದು ಕುಣಿಸುವ ಮಟ್ಟಲ್ಲ. ಹೊಳೆಯ ನಡುವೆ ನಿಂತ ಕುದುರೆ ಮುಂದೆ ಹೋಗಲೋ ಬೇಡವೋ ಎಂದು ಕಾಲಲ್ಲಿ ನೆಲ ಹುಡುಕುತ್ತಿರುವಂತಿತ್ತು. ಕೊನೆಯಲ್ಲಿ ರಿಫಲ್‌ಗಳ ಆ ಹೆಚ್ಚಿನ ತಾಳ ಬಂತು. ಈ ಭಾಗದಲ್ಲಿ ಅದು ಹೆಚ್ಚೇ ಅಲ್ಲ, ಅದಿಲ್ಲದೆ ಉಸಿರೇ ನಿಲ್ಲುತ್ತದೆ. ನಲವತ್ಮೂರು ವರ್ಷ ಅದನ್ನು ಕುಂಟು ಎಂದು ಆಡಿಕೊಂಡವನ ಬೆರಳು ಅದಕ್ಕಾಗಿ ಕಾದು ನಿಂತು, ಅದು ಬಂದ ಮೇಲೇ ಎದ್ದಿತು.

ಕಮಾನು ನಿಂತಿತು.

"ಇದು ನಮ್ಮಮ್ಮಂದು" ಎಂದ ಡೆನ್ಜಿಲ್.

ಬಾಗಿಲಲ್ಲಿದ್ದ ಡೆಲ್ಫಾ ಏಪ್ರನ್ನಿನ ಅಂಚು ಬಾಯಿಗೆ ಒತ್ತಿಕೊಂಡಳು.

"ನಮ್ಮಮ್ಮ ಜೋನಾ ಇದನ್ನ ನುಡಿಸ್ತಿದ್ಲು. ನಿಮ್ಮಜ್ಜಿಗೆ ಕಾಯಿಲೆ ಆದ ವರ್ಷ ಇವ್ನು ಒಂದು ಚಳಿಗಾಲ ಪೂರ್ತಿ ನಮ್ಮನೇಲಿದ್ದ. ಇವನಿಗೆ ಹತ್ತು, ನನಗೆ ಏಳು. ವಸಂತ ಬಂದಾಗ ಅಮ್ಮ ಹಳ್ಳದಲ್ಲಿ ದೀಕ್ಷಾಸ್ನಾನ ತಗೊಂಡ್ಲು, ಪಿಟೀಲು ಅಟ್ಟಕ್ಕೆ ಹೋಯ್ತು. ಸಾಯೋವರೆಗೂ ಮುಟ್ಲಿಲ್ಲ. ದಪ್ಪದೂ ಸಣ್ಣದೂ ನಾನು ಚಿಕ್ಕಪ್ಪನ ಹತ್ರ ಕಲ್ತೆ. ಇನ್ನೊಂದಿತ್ತು ಅಂತ ಮನಸಿಗೆ ಗೊತ್ತು, ಕೈಗೆ ಸಿಗ್ತಿರ್ಲಿಲ್ಲ. ಎಪ್ಪತ್ತು ವರ್ಷ ಕಣಮ್ಮ."

ಒಲೀಟಾಳ ಕೆನ್ನೆ ಕಾದಿತು. ಹಾಗಾದರೆ ಅಪ್ಪ ಕೊಡದೆ ಬಚ್ಚಿಟ್ಟದ್ದು ಮನೆತನದ ಒಡವೆಯಲ್ಲ, ಬೇರೆ ಮನೆಯ ಒಡವೆ. ನುಡಿಸಿದರೆ ಕೇಳಿದ ಮೊದಲ ಮುದುಕಿಯೇ 'ಇದು ಜೋನಾಳದ್ದಲ್ಲವೇ' ಎನ್ನುತ್ತಿದ್ದಳು. ರಿಬ್ಬನ್ ಮೇಲೆ ನಿಂತ ಮರ್ಯಾದೆ ನೆಲಕ್ಕಿಳಿಯುತ್ತಿತ್ತು. ಅದಕ್ಕೇ ಕೊಟ್ಟಿಗೆ, ಅದಕ್ಕೇ ನಾಳೆ. ಡೆನ್ಜಿಲ್ ಈಗ ಎದ್ದು ಹೋಗಿ ಊರೆಲ್ಲ ಸಾರುತ್ತಾನೆ, ಅಪ್ಪ ಕಳ್ಳನಾಗಿ ಸಾಯುತ್ತಾನೆ ಎಂದು ಅವಳಿಗೆ ದಿಗಿಲಾಯಿತು. "ರಿಫಲ್ ಅವ್ರೇ..." ಎಂದಳು.

"ಕದ್ದ ಅನ್ನಲ್ಲ" ಎಂದ ಅವನು. "ಅಮ್ಮನೇ ಕೊಟ್ಟಿರ್ಬೇಕು. ನನಗೆ ಕೊಡೋಕೆ ಮುಂಚೆ ದೇವರು ಬಂದ." ಆಮೇಲೆ ಮೊದಲ ಸಲ ಬರ್ಲ್‌ನ ಮುಖಕ್ಕೆ ಮುಖ ಕೊಟ್ಟ. "ಒಂದ್ಸಲ, ಒಂದೇ ಒಂದ್ಸಲ ಗುಡ್ಡದ ಮೇಲೆ ನಿಂತು ನುಡಿಸಿದ್ರೂ ಸಾಕಿತ್ತಲ್ಲೋ ಬರ್ಲ್. ಆಗ ನನಗೆ ಕಿವಿ ಇತ್ತು."

ಬರ್ಲ್‌ನ ಬಾಯಿ ಅಲುಗಿತು, ಒಂದು ಪದ ಬಿಟ್ಟರೆ ಬೇರೆ ಬಾರದ ಬಾಯಿ. ಅದನ್ನೂ ಆಡಲಿಲ್ಲ. ಬೆರಳುಗಳನ್ನು ಮತ್ತೆ ತಂತಿಯ ಮೇಲಿಟ್ಟ. ಕಮಾನಿಲ್ಲದೆಯೇ, ಬರೀ ತಂತಿಯ ಮೇಲೆ ಟುಕುಟುಕು ಎಂದು, ಮೂರನೆಯ ಭಾಗದ ಮೊದಲಿನಿಂದ ಶುರುಮಾಡಿದ. ಡೆನ್ಜಿಲ್ ಕಮಾನು ಎತ್ತಿದ. ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ಮುಗಿಯುವಷ್ಟರಲ್ಲಿ ಬರ್ಲ್‌ನ ಕೈ ಸೋತು ತೊಡೆಯ ಮೇಲೆ ಬಿತ್ತು, ನಿದ್ದೆ ಹೋದ.

ಡೆನ್ಜಿಲ್ ಪಿಟೀಲನ್ನು ಗೋಡೆಗೆ ತೂಗುಹಾಕಿದ. ತಂತಿ ಸಡಿಲ ಮಾಡಲಿಲ್ಲ. ಮರೆತನೋ ಬೇಕೆಂದೇ ಬಿಟ್ಟನೋ ಒಲೀಟಾ ಕೇಳಲಿಲ್ಲ.

ಅದಾದ ಐದನೆಯ ದಿನ ಬೆಳಗ್ಗೆ, ಮುಖ ತೊಳೆಸುತ್ತಿದ್ದಾಗಲೇ, ಎರಡನೆಯ ಹೊಡೆತ ಬಂತು. ಬರ್ಲ್ ಮಧ್ಯಾಹ್ನದೊಳಗೆ ಹೋಗಿಬಿಟ್ಟ. "ಆ ಮುಖ ತೋರ್ಸಿ ಕೊಂದೆ" ಎಂದಳು ಡೆಲ್ಫಾ ಅತ್ತೆ. ಸಂಜೆಗೆ ಅವಳೇ ಒಲೀಟಾಳನ್ನು ತಬ್ಬಿಕೊಂಡು ಅತ್ತಳು, ಆದರೆ ಆಡಿದ ಮಾತು ಆಡಿದ್ದೇ. ಅದು ಹೇಗಿದ್ದರೂ ಬರುವುದಿತ್ತು ಎಂದರು ಡಾಕ್ಟರು. ಹಗಲಲ್ಲಿ ಒಲೀಟಾ ಡಾಕ್ಟರ ಮಾತು ನಂಬುತ್ತಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಪಿಟೀಲು ಕೈಗೆತ್ತಿಕೊಂಡಳು. ಶ್ರುತಿ ಇನ್ನೂ ನಿಂತಿತ್ತು. ಬೆರಳುಗಳೆಲ್ಲ ಎಲ್ಲೆಲ್ಲಿ ಹೋಗಬೇಕೆಂದು ಅವಳಿಗೆ ಗೊತ್ತಿತ್ತು. ಆ ಮೂರೂ ಸಲ ಅಪ್ಪನ ಬೆರಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಳು. ಕಮಾನು ಎಳೆದಾಗ ಮಾತ್ರ ಎಲ್ಲ ಕಲಸಿಹೋಯಿತು. ಯಾವ ತಂತಿ ಯಾವಾಗ, ಎಲ್ಲಿ ಎಳೆತ, ಎಲ್ಲಿ ತಡೆ? ಅದನ್ನು ನೋಡಿರಲೇ ಇಲ್ಲ. ಕೈಗೆ ಬಂದದ್ದು ಅರ್ಧ, ಉಳಿದರ್ಧ ಗುಡ್ಡದಾಚೆಯ ಎಂಬತ್ತರ ಮುದುಕನ ಮುಂಗೈಯಲ್ಲಿ. ಅವನಿಗೂ ಇವತ್ತೇ ಏನಾದರೂ ಆದರೆ? ಬೂಟು ಹುಡುಕಲೂ ನಿಲ್ಲದೆ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಟ್ರಕ್ ಹತ್ತಿದಳು.

ಡೆನ್ಜಿಲ್ ಜಗಲಿಯಲ್ಲಿ ತನ್ನ ಪಿಟೀಲು ಹಿಡಿದು ಕೂತಿದ್ದ. "ಬಾ ಬಾ" ಎಂದ, ಗೋಳಾಡುವ ದನಿಯಲ್ಲಿ. "ನಿನ್ನೇ ನೆನೀತಿದ್ದೆ. ಕಮಾನು ಓಡತ್ತೆ, ಬೆರಳು ಎಲ್ಲಿಡ್ಬೇಕು ಗೊತ್ತಾಗ್ತಿಲ್ಲ. ಅವತ್ತು ಕಣ್ಣು ಮುಚ್ಕೊಂಡು ಕೂತೆ ನೋಡು, ಪೆದ್ದ. ಕಿವೀನ ನಂಬೋ ಹಾಗಿಲ್ಲ."

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತರು. ಪಿಟೀಲು ಅವಳ ಎದೆಗೆ, ಕಮಾನು ಅವನ ಕೈಗೆ. ಮುಗ್ಗರಿಸುತ್ತ, ನಿಲ್ಲುತ್ತ, ಬೈದಾಡುತ್ತ ಮೂರನೆಯ ಭಾಗ ಮೆಲ್ಲಗೆ ಎದ್ದು ನಿಂತಿತು. ಕೊನೆಯ ತಾಳಕ್ಕೆ ಬರುವ ಮುಂಚಿನ ಒಂದು ಸ್ವರದಲ್ಲಿ ಮಾತ್ರ ಸಿಕ್ಕಿಬಿತ್ತು.

"ಉಂಗುರದ ಬೆರಳು ಮೂರನೇ ತಂತಿ ಮೇಲಿತ್ತು ಮಾಮ, ನಾನು ನೋಡಿದೀನಿ."

"ಕಮಾನು ದಪ್ಪ ತಂತಿ ಮೇಲಿತ್ತು ಕಣಮ್ಮ. ನನ್ನ ಕೈಗೆ ಗೊತ್ತಿಲ್ವಾ?"

"ಮೂರು ಸಲವೂ ಅಲ್ಲೇ ಇತ್ತು ಬೆರಳು."

"ಮೂರು ಸಲವೂ ಇಲ್ಲೇ ಇತ್ತು ಕಮಾನು."

ಅವಳ ಹಾಗೆ ನುಡಿಸಿ ನೋಡಿದರು, ಅವನ ಹಾಗೆ ನುಡಿಸಿ ನೋಡಿದರು. ಎರಡೂ ಸರಿ ಅನಿಸಿತು, ಅದೇ ಕಷ್ಟ. ಯಾರ ನೆನಪು ಸುಳ್ಳು? ಡೆನ್ಜಿಲ್ ಕಮಾನಿನಿಂದ ಮೊಣಕಾಲಿಗೆ ಬಡಿದುಕೊಂಡು, "ತಡಿ, ಬರ್ಲ್‌ನ್ನೇ ಕೇಳಿದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟ.

ಇಬ್ಬರೂ ಗುಡ್ಡದಾಚೆಯ ಬರ್ಲ್‌ನ ಮನೆಯ ಕಡೆ ನೋಡಿದರು. ಒಲೀಟಾಳಿಗೆ ಅಪ್ಪ ಹೋದಾಗಿನಿಂದ ಬಾರದ ಅಳು ಒತ್ತರಿಸಿ ಬಂತು.

"ಇದ್ದಾಗ ಕೇಳ್ಬೇಕಿತ್ತು" ಎಂದ ಮುದುಕ. "ನಲವತ್ಮೂರು ವರ್ಷ ಇದ್ನಲ್ಲ, ಇಪ್ಪತ್ತು ನಿಮಿಷದ ದಾರಿ."

"ಕೇಳಿದ್ರೂ ಹೇಳ್ತಿರ್ಲಿಲ್ಲ ಮಾಮ."

"ಹೇಳ್ತಿರ್ಲಿಲ್ಲ, ಹಟಮಾರಿ. ಆದ್ರೂ ಹೋಗಿ ಕೇಳಿದ್ರೆ ಬೈಯೋಕಾದ್ರೂ ಬಾಯಿ ತೆಗೀತಿದ್ದ."

ಅವಳು ಕಣ್ಣೊರೆಸಿಕೊಂಡು, "ನಿಮ್ಮ ಹಾಗೇ ಇರ್ಲಿ ಬಿಡಿ. ನಿಮ್ಮ ತಾಯೀದು ತಾನೇ" ಎಂದಳು.

"ಬೇಡ. ನಿಮ್ಮಪ್ಪನ ಬೆರಳು ನೋಡಿದವಳು ನೀನು. ನೀನು ನಿನ್ನ ಹಾಗೆ ನುಡಿಸು, ನಾನು ನನ್ನ ಹಾಗೆ. ಯಾರಾದ್ರೂ ಕೇಳಿದ್ರೆ ಕಟ್ಲಿಪ್ಪರದು ತಪ್ಪು ಅಂತಾನೇ ಹೇಳ್ತೀನಿ."

"ರಿಫಲ್‌ಗಳದು ತಪ್ಪು ಅಂತ ನಾನೂ ಹೇಳ್ತೀನಿ."

"ಹೇಳು ಹೇಳು" ಎಂದ ಡೆನ್ಜಿಲ್. ಆಮೇಲೆ ಬೆಂಚಿನ ಮೇಲೆ ಸರಿದು ಬಲಗಿವಿಯನ್ನು ಪಿಟೀಲಿನ ಹತ್ತಿರ ತಂದು, ಕಮಾನನ್ನು ಅವಳ ಕೈಗೆ ಕೊಟ್ಟ. "ನಾಳೆ ಬರ್ತೀನಿ ಅಂತ ಮಾತ್ರ ಅನ್ಬೇಡ. ಈಗ್ಲೇ ಕಲಿ."